ಮಕ್ತುಮಸಾಬರ ಭಾನುವಾರದ ಪಾಠ

ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಹೊಲಿಗೆ ಮಷಿನ್ ಕೆಟ್ಟು ನಿಂತರೆ ಮೊದಲು ನೆನಪಾಗುವ ಹೆಸರು ಮಕ್ತುಮಸಾಬರದು. ಹುನಗುಂದದ ಕಡೆಯ ಹಳ್ಳಿಯಿಂದ ಮೀಸೆ ಮೂಡುವ ಮೊದಲೇ ಮುಂಬಯಿಗೆ ಬಂದವರು. ಕೆಲವು ವರ್ಷ ಶರ್ಟಿನ ಕಾಲರ್ ಹೊಲಿದರು. ಆಮೇಲೆ, ಹೊಲಿಯುವುದಕ್ಕಿಂತ ಮಷಿನ್ನಿನ ಹೊಟ್ಟೆಯೊಳಗೆ ಕೈಹಾಕುವುದೇ ಹಿತವೆನಿಸಿ ಮೆಕ್ಯಾನಿಕ್ ಆದರು. ಓಡುವ ಸದ್ದು ಕೇಳಿಯೇ ಬೆಲ್ಟ್ ಸಡಿಲವಾಗಿದೆಯೋ ಹುಕ್ ಸವೆದಿದೆಯೋ ಹೇಳುತ್ತಿದ್ದರು. ಆದರೆ ಅದೇ ಮಷಿನ್ನಿಗೆ ಹೋದ ಸಲ ಏನು ಮಾಡಿದ್ದಿರಿ ಎಂದು ಕೇಳಿದರೆ ಅವರಿಗೆ ನೆನಪಿರುತ್ತಿರಲಿಲ್ಲ. ಅದೆಲ್ಲ ಹೆಂಡತಿ ರಜಿಯಾಳ ತಲೆಯಲ್ಲಿತ್ತು.

ಕಾರ್ಖಾನೆಗಳ ಫೋನು ಬರುತ್ತಿದ್ದದ್ದು ಮನೆಗೆ. ರಜಿಯಾ ರೊಟ್ಟಿ ಬಡಿಯುತ್ತಲೇ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಹಿಂದಿಯಲ್ಲಿ ವಿಚಾರಿಸುವಳು. ಯಾವ ಕಾರ್ಖಾನೆ, ಕಿಟಕಿ ಹತ್ತಿರದ ಮಷಿನ್ನೋ ಬಾಗಿಲ ಹತ್ತಿರದ್ದೋ, ಅದರ ಮೋಟಾರು ಬದಲಾದದ್ದು ಮೊಹರಮ್ಮಿಗೆ ಮೊದಲೋ ಆಮೇಲೋ, ಎಲ್ಲವೂ ಆಕೆಗೆ ಬಾಯಿಪಾಠ. ಫೋನಿಟ್ಟು ಗಂಡನಿಗೆ ಹೇಳುವಾಗ ಮಾತ್ರ ಕನ್ನಡ. ಮನೆಯಲ್ಲಿ ನಡೆಯುತ್ತಿದ್ದದ್ದು ದಖನಿ ಉರ್ದುವೇ ಆದರೂ ಕೆಲಸಕ್ಕೆ, ಸಿಟ್ಟಿಗೆ, ಮುದ್ದಿಗೆ ರಜಿಯಾಗೆ ತವರಿನ ಕನ್ನಡವೇ ಬೇಕಾಗಿತ್ತು.

ಒಂದು ಮಳೆಗಾಲ ಜ್ವರವೆಂದು ಆಸ್ಪತ್ರೆ ಸೇರಿದ ರಜಿಯಾ ತಿರುಗಿ ಬರಲಿಲ್ಲ. ಒಬ್ಬಳೇ ಮಗಳು ಬುಷರಾಳ ಮದುವೆ ಅದಕ್ಕೆ ಸ್ವಲ್ಪ ಮೊದಲಷ್ಟೇ ಆಗಿತ್ತು. ಅವಳು ಗಂಡ ರಫೀಕ ಮತ್ತು ಅತ್ತೆ ಮಾವನ ಜೊತೆ ಪವಾಯಿಯಲ್ಲಿದ್ದಳು. ಅಲ್ಲೇ ಒಂದು ಐಟಿ ಆಫೀಸಿನಲ್ಲಿ ಕೆಲಸ. ಮಕ್ತುಮಸಾಬರು ಕಾಂದಿವಲಿಯಲ್ಲಿ ತಾವಿದ್ದ ಬಿಲ್ಡಿಂಗಿನ ಮೂರನೇ ಮಾಳಿಗೆಯ ಖೋಲಿಯಲ್ಲಿ ಒಬ್ಬರೇ ಉಳಿದರು.

ಮನೆ ಮೌನವಾದದ್ದು ಒಂದಾದರೆ, ಕೆಲಸವೂ ಎಡವತೊಡಗಿತು. ಹಳೆಯ ಕಾರ್ಖಾನೆಯೊಂದರಲ್ಲಿ ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಷಿನ್ ಬಿಚ್ಚಿ, ಒಂದು ಭಾಗ ಬದಲಿಸಬೇಕು ಎಂದರು. ಹೋದ ತಿಂಗಳು ಬದಲಿಸಿದ್ದೂ ಇದನ್ನೇ ಅಲ್ಲವೇ ಎಂದು ಮ್ಯಾನೇಜರ್ ಕೇಳಿದಾಗ ಬಿಚ್ಚಿದ್ದನ್ನು ಹಾಗೇ ಮತ್ತೆ ಜೋಡಿಸಿಟ್ಟು ಬಂದರು. ಹೀಗೇ ಒಂದೆರಡು ಕಡೆ ಆಯಿತು. ಕರೆಗಳು ಕಡಿಮೆಯಾದವು.

ಸುದ್ದಿ ಕೇಳಿದ ಬುಷರಾ ಒಂದು ಭಾನುವಾರ ರಫೀಕನ ಹಳೆಯ ಕಂಪ್ಯೂಟರನ್ನು ಟ್ಯಾಕ್ಸಿಯಲ್ಲಿ ಹೊತ್ತು ತಂದಳು. ಅದರಲ್ಲೊಂದು ಡೇಟಾಬೇಸ್ ಪ್ರೋಗ್ರಾಮ್ ಇತ್ತು. ಬರೆದಿಡುವ ಕ್ರಮ ತೋರಿಸಿ, ಇನ್ನು ಮೇಲೆ ಮಾಡಿದ ಕೆಲಸವನ್ನೆಲ್ಲ ಇದರಲ್ಲಿ ಹಾಕಿ ಎಂದು ಹೇಳಿ ಹೋದಳು. ಮಕ್ತುಮಸಾಬರು ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಪ್ರತಿ ರಿಪೇರಿಗೂ ಒಂದು ಸಾಲು ಬರೆದರು: ಕಾರ್ಖಾನೆಯ ಹೆಸರು, ವಿಳಾಸ, ಫೋನು, ಮಷಿನ್, ಮಾಡಿದ ಕೆಲಸ. ಮುಂದಿನ ವಾರ ಅದನ್ನು ನೋಡಿ ಬುಷರಾ ನಕ್ಕಳು. ಒಂದೇ ಕಾರ್ಖಾನೆಯ ಹೆಸರು ಇಷ್ಟು ಸಲ ಯಾಕೆ ಬರೆದಿರಿ, ಅವರ ಫೋನ್ ನಂಬರ್ ಬದಲಾದರೆ ಇಷ್ಟೂ ಕಡೆ ತಿದ್ದುತ್ತೀರಾ ಎಂದು ಕೇಳಿದಳು.

ಆಮೇಲೆ ಒಂದರ ಬದಲು ಮೂರು ಟೇಬಲ್ ಮಾಡಿದಳು. ಮೊದಲನೆಯದರಲ್ಲಿ ಕಾರ್ಖಾನೆಗಳು ಮಾತ್ರ. ಒಂದೊಂದಕ್ಕೂ ಒಂದು ನಂಬರು, ಒಂದರ ನಂಬರು ಇನ್ನೊಂದಕ್ಕೆ ಬರುವಂತಿಲ್ಲ. ಎರಡನೆಯದರಲ್ಲಿ ಮಷಿನ್‌ಗಳು, ಪ್ರತಿ ಮಷಿನ್ನಿಗೂ ಅದರದೇ ನಂಬರು, ಮುಂದೆ ಅದರ ಕಾರ್ಖಾನೆಯ ನಂಬರಷ್ಟೇ. ಮೂರನೆಯದರಲ್ಲಿ ರಿಪೇರಿಗಳು, ಪ್ರತಿ ರಿಪೇರಿಯ ಮುಂದೆ ಮಷಿನ್ನಿನ ನಂಬರು. ಕೊನೆಗೆ ಮೌಸಿನಿಂದ ಒಂದು ಟೇಬಲಿನ ನಂಬರನ್ನು ಎಳೆದು ಇನ್ನೊಂದರ ಮೇಲೆ ಬಿಟ್ಟಳು. ಎರಡರ ನಡುವೆ ಗೆರೆ ಮೂಡಿತು.

ಇವೆಲ್ಲ ಇಂಗ್ಲಿಷ್ ಮಾತು, ಕನ್ನಡದಲ್ಲಿ ಹೇಳು ಎಂದರು ಮಕ್ತುಮಸಾಬರು. ಮುಂಬಯಿಯಲ್ಲಿ ಹುಟ್ಟಿ ಬೆಳೆದ ಬುಷರಾಗೆ ಕನ್ನಡ ಅರ್ಥವಾಗುತ್ತಿತ್ತು, ನಾಲಿಗೆ ಮಾತ್ರ ತೊಡರುತ್ತಿತ್ತು.

"ಇದು ಕನೆಕ್ಷನ್, ಅಬ್ಬಾ. ರಿಷ್ತಾ. ಅಮ್ಮಿ ಅದಕ್ಕ ಏನಂತಿದ್ದಳು?"

"ಸಂಬಂಧ."

"ಹಾಂ, ಸಂಬಂಧ. ನೋಡ್ರಿ, ಒಬ್ಬಾಕಿ ತಾಯಿಗೆ ಬಾಳ ಮಕ್ಕಳು ಇರ್ತಾವ. ಆದ್ರ ಮಗೂಗ ತಾಯಿ ಒಬ್ಬಾಕಿನ. ಹಂಗ, ಕಾರ್ಖಾನಾ ತಾಯಿ, ಮಷಿನ್ ಮಕ್ಕಳು."

'ಒಬ್ಬಾಕಿನ' ಎನ್ನುವಾಗ ಅವಳು ಕೊನೆಯಲ್ಲಿ ಎಳೆದ ರಾಗ ರಜಿಯಾಳದೇ ಆಗಿತ್ತು. ಮಕ್ತುಮಸಾಬರು ಎದ್ದು ಹೋಗಿ ನೀರು ಕುಡಿದು ಬಂದರು. ಪಾಠ ಅವರಿಗೆ ಪೂರಾ ತಿಳಿದಿತ್ತು. ಆದರೆ ಬುಷರಾ ಚೀಲ ಹೆಗಲಿಗೇರಿಸಿ, ಇಷ್ಟೇ ಇರೋದು, ಇನ್ನು ನೀವೇ ಮಾಡಿಕೊಳ್ಳಬಹುದು ಎಂದಾಗ ಅವರ ಬಾಯಿಂದ ಸುಳ್ಳು ತಾನಾಗಿ ಹೊರಬಿತ್ತು.

"ತಿಳೀಲಿಲ್ಲ ಬೇಟಾ."

ಬುಷರಾ ಮುಂದಿನ ಭಾನುವಾರವೂ ಬಂದಳು. ಅದರ ಮುಂದಿನದಕ್ಕೂ ಬಂದಳು.

ವಾರವೆಲ್ಲ ಮಕ್ತುಮಸಾಬರು ಸಂಜೆ ಕೈಯ ಎಣ್ಣೆ ತೊಳೆದುಕೊಂಡು ಕಂಪ್ಯೂಟರ್ ಮುಂದೆ ಕೂತು, ಅಂದಿನ ಕೆಲಸವನ್ನು ಒಂದೂ ತಪ್ಪಿಲ್ಲದೆ ತುಂಬುತ್ತಿದ್ದರು. ಶನಿವಾರ ಬಂತೆಂದರೆ ಎರಡು ಟೇಬಲ್‌ಗಳ ನಡುವಿನ ಗೆರೆಯನ್ನು ಅಳಿಸುವರು. ಇಲ್ಲವೇ, ಪಟ್ಟಿಯಲ್ಲಿ ಇಲ್ಲದ ಕಾರ್ಖಾನೆಯ ನಂಬರು ಕೊಟ್ಟು ಮಷಿನ್ ಸೇರಿಸಲು ನೋಡುವರು. ಅಂಥ ಕಾರ್ಖಾನೆಯೇ ಇಲ್ಲ ಎಂದು ಪ್ರೋಗ್ರಾಮು ತಕರಾರು ತೆಗೆದರೆ ಆ ಸಂದೇಶವನ್ನು ಹಾಗೇ ಪರದೆಯ ಮೇಲೆ ಬಿಡುವರು. ಬುಷರಾ ಬಂದು ಸರಿಮಾಡಿ ಮತ್ತೆ ಮೊದಲಿಂದ ಹೇಳಿಕೊಡುವಳು. ಅವರು ಕೇಳಿದ್ದನ್ನೇ ಕೇಳುವರು. ಹೇಳಿ ಹೇಳಿ ಅವಳ ಕನ್ನಡದ ತೊಡಕು ಬಿಡುತ್ತಿತ್ತು. ಆಮೇಲೆ ಇಬ್ಬರೂ ಕೂತು ಉಣ್ಣುವರು. ಬದನೆಕಾಯಿ ಎಣಗಾಯಿ ಮಾಡುವುದನ್ನು ಮಕ್ತುಮಸಾಬರು ಅವಳಿಗಾಗಿಯೇ ಕಲಿತಿದ್ದರು.

ಇತ್ತೀಚೆಗೆ ಮಗಳು ಪಾಠದ ನಡುವೆ ತಮ್ಮ ಮುಖವನ್ನೇ ನೋಡುತ್ತ ಸುಮ್ಮನಾಗುವುದು ಅವರ ಗಮನಕ್ಕೂ ಬಂದಿತ್ತು. ದಣಿದಿದ್ದಾಳೆ ಎಂದುಕೊಂಡರು.

ಒಂದು ಭಾನುವಾರ ಬೆಳಿಗ್ಗೆ ಎಕ್ಸ್‌ಪೋರ್ಟ್ ಕಾರ್ಖಾನೆಯೊಂದರಲ್ಲಿ ಮಷಿನ್ನುಗಳ ಇಡೀ ಲೈನು ನಿಂತುಬಿಟ್ಟಿತು. ಮಾಲು ಅಂದೇ ಹೊರಡಬೇಕಾಗಿತ್ತು. ಮಕ್ತುಮಸಾಬರು ಪಕ್ಕದ ಖೋಲಿಯ ಇಂದ್ರಾಬಾಯಿಯ ಕೈಗೆ ಬೀಗದ ಕೈ ಕೊಟ್ಟು ಅವಸರದಲ್ಲಿ ಹೋದರು. ಹಿಂದಿನ ದಿನವೂ ಕೆಲಸದ ಗಡಿಬಿಡಿಯಲ್ಲಿ ಗೆರೆ ಅಳಿಸಿರಲಿಲ್ಲ. ಕೆಲಸ ಮುಗಿಸಿ ಖೀಮಾ ಕಟ್ಟಿಸಿಕೊಂಡು ಮನೆಗೆ ಬಂದಾಗ ಬುಷರಾ ಕಂಪ್ಯೂಟರ್ ಮುಂದೆ ಕೂತಿದ್ದಳು. ಮೂರು ಟೇಬಲ್‌ಗಳೂ ಗೆರೆಗಳೂ ಇದ್ದಲ್ಲೇ ಇದ್ದವು. ಮಷಿನ್ನಿನ ನಂಬರು ಕೊಟ್ಟರೆ ಅದರ ರಿಪೇರಿಗಳೆಲ್ಲ ಸಾಲಾಗಿ ಬರುವ ಒಂದು ವರದಿಯನ್ನೂ ಮಕ್ತುಮಸಾಬರು ಮಾಡಿಟ್ಟಿದ್ದರು. ಅದನ್ನು ಅವಳು ಕಲಿಸಿರಲಿಲ್ಲ.

"ಇದನ್ನ ಯಾರು ಮಾಡಿದ್ರು, ಅಬ್ಬಾ?"

"ನಾನ."

"ಯಾವಾಗಿಂದ ಬರ್ತದ ನಿಮಗ?"

"ನೀ ಮೊದಲ ಹೇಳಿದಾಗಿಂದ ಬರ್ತದ."

ಬುಷರಾ ಕುರ್ಚಿ ತಿರುಗಿಸಿ ಅವರತ್ತ ನೋಡಿದಳು.

"ಬಾಂದ್ರಾದಾಗ ಡಾಕ್ಟರ್ ಅಪಾಯಿಂಟ್‌ಮೆಂಟ್ ತಗೊಂಡೀನಿ. ನಿಮಗ ಮರವಿನ ಬ್ಯಾನಿ ಬಂದದ ಅಂತ ತಿಳಕೊಂಡಿದ್ದೆ."

ಮುಂದಿನದನ್ನು ಅವಳು ಹಿಂದಿಯಲ್ಲಿ ಹೇಳಿದಳು. ಪ್ರತಿ ವಾರ ಹಿಂದಿರುಗುವಾಗ ಬಸ್ಸಿನಲ್ಲಿ ಅಳುತ್ತಿದ್ದಳು. ಅಮ್ಮಿಯ ಹಾಗೆ ಅಬ್ಬಾನೂ ಕೈತಪ್ಪಿ ಹೋಗುತ್ತಿದ್ದಾರೆ ಎಂದು ರಫೀಕನ ಹತ್ತಿರ ಹೇಳಿಕೊಂಡಿದ್ದಳು. ಭಾನುವಾರ ಬಂತೆಂದರೆ ತವರಿಗೆ ಓಡುತ್ತಾಳೆ ಎಂದು ಅತ್ತೆ ಆಡಿದ ಮಾತುಗಳನ್ನೆಲ್ಲ ನುಂಗಿಕೊಂಡಿದ್ದಳು. ಮಕ್ತುಮಸಾಬರ ಕೈಯಲ್ಲಿ ಖೀಮಾದ ಪೊಟ್ಟಣ ಇನ್ನೂ ಹಾಗೇ ಇತ್ತು.

"ನೀ ಬರೋದು ನಿಂತೀತು ಅಂತ ಅಂಜಿದೆ" ಎಂದರು ಕೊನೆಗೆ.

"ಬಾ ಅನ್ನಬೇಕಿತ್ತು, ಅಬ್ಬಾ. ಅಷ್ಟ ಸಾಕಿತ್ತು."

ಅವಳು ಉಣ್ಣದೆ ಹೊರಟುಹೋದಳು. ಡಾಕ್ಟರ ಅಪಾಯಿಂಟ್‌ಮೆಂಟ್ ರದ್ದು ಮಾಡಿದೆ ಎಂದು ಫೋನಿನಲ್ಲಿ ಒಂದು ಸಂದೇಶ ಬಂತು. ಆಮೇಲಿನ ಭಾನುವಾರಗಳಲ್ಲಿ ಅವಳು ಬರಲಿಲ್ಲ. ಇವರೇ ಫೋನು ಮಾಡಿದರೆ ಮೀಟಿಂಗಿನಲ್ಲಿದ್ದೇನೆ, ಆಮೇಲೆ ಮಾಡುತ್ತೇನೆ ಎನ್ನುವಳು.

ಕೆಲಸ ಮಾತ್ರ ಮತ್ತೆ ಕುದುರಿತು. ಯಾವ ಕಾರ್ಖಾನೆಯಿಂದ ಫೋನು ಬಂದರೂ ಮಕ್ತುಮಸಾಬರು ಪರದೆ ನೋಡಿ, ಯಾವ ಮಷಿನ್ನಿಗೆ ಹಿಂದೆ ಏನಾಗಿತ್ತು ಎಂಬುದನ್ನು ಹಿಂದಿಯಲ್ಲಿ ಹೇಳುವರು. ದೂರ ಸರಿದಿದ್ದ ಮ್ಯಾನೇಜರುಗಳೂ ಮತ್ತೆ ಕರೆಯತೊಡಗಿದರು. ಆದರೆ ಫೋನಿಟ್ಟ ಮೇಲೆ ಖೋಲಿಯಲ್ಲಿ ಮುಂದಿನ ಮಾತು ಇರುತ್ತಿರಲಿಲ್ಲ. ಕನ್ನಡದ ಒಂದು ಶಬ್ದವೂ ಕಿವಿಗೆ ಬೀಳದೆ ವಾರಗಳು ಕಳೆದವು. ಒಂದು ಭಾನುವಾರ ಎಣಗಾಯಿ ಮಾಡಿ, ಒಬ್ಬರೇ ತಿನ್ನಲಾರದೆ ಇಂದ್ರಾಬಾಯಿಗೆ ಕೊಟ್ಟುಬಂದರು.

ಕೊನೆಗೆ ಒಂದು ಬುಧವಾರ ಕೆಲಸಕ್ಕೆ ಹೋಗದೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಸ್ಸು ಬದಲಿಸಿಕೊಂಡು ಪವಾಯಿಗೆ ಹೋದರು. ಬುಷರಾಳ ಆಫೀಸಿನ ಗೇಟಿನಲ್ಲಿ ನಿಂತು ಫೋನು ಮಾಡಿದರು. ಅವಳು ಗಾಬರಿಯಿಂದ ಕೆಳಗಿಳಿದು ಬಂದು, ಏನಾಯಿತು ಎಂದಳು.

"ಏನೂ ಆಗಿಲ್ಲ. ಕಂಪ್ಯೂಟರೂ ಕೆಟ್ಟಿಲ್ಲ. ನಿನ್ನ ನೋಡಬೇಕು ಅನಿಸ್ತು, ಬಂದೆ."

ಊಟದ ಬಿಡುವಾಗಿತ್ತು. ಇಬ್ಬರೂ ಕೆರೆಯ ದಂಡೆಗೆ ನಡೆದುಹೋಗಿ ಒಂದು ಬೆಂಚಿನ ಮೇಲೆ ಕೂತು ವಡಾಪಾವ್ ತಿಂದರು. ಬುಷರಾ ಹಿಂದಿಯಲ್ಲೇ ಮಾತಾಡಿದಳು. ಕನ್ನಡದಲ್ಲಿ ಹೇಳು ಎಂದು ಅವರು ಕೇಳಲಿಲ್ಲ. ಸಿಟ್ಟು ಹೋಗಿದೆ, ಆದರೆ ಮನೆಯಲ್ಲಿ ಭಾನುವಾರ ಜನ ಬರುತ್ತಾರೆ, ವಾರ ವಾರ ಬರಲು ಆಗುವುದಿಲ್ಲ, ತಿಂಗಳಿಗೊಂದು ಭಾನುವಾರ ಖಂಡಿತ ಬರುತ್ತೇನೆ ಎಂದಳು. ಮಕ್ತುಮಸಾಬರು ಅಷ್ಟು ಸಾಕು ಎಂದರು. ಸಾಕಾಗಿರಲಿಲ್ಲ, ಆದರೂ ಅಂದರು. ಅವಳು ಅವರ ಅಂಗಿಯ ಮೇಲೆ ಬಿದ್ದಿದ್ದ ಚೂರನ್ನು ಕೊಡವಿ ಆಫೀಸಿಗೆ ಮರಳಿದಳು.

ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಯಾವ ಭಾನುವಾರ ಎಂದು ಕೇಳಲೇ ಇಲ್ಲವಲ್ಲ ಎಂದು ಅರ್ಧ ದಾರಿಯಲ್ಲಿ ಹೊಳೆಯಿತು. ಫೋನು ಹೊರತೆಗೆದು ಅವಳ ಹೆಸರು ಬರುವವರೆಗೆ ಸರಿಸಿದರು. ಕೆಲಸದಲ್ಲಿರುತ್ತಾಳೆ ಎಂದು ಮತ್ತೆ ಜೇಬಿಗಿಟ್ಟರು.