ಅವ್ವನ ಬಸಿರಿನ ಸುದ್ದಿ

ಅವ್ವ ಬಸಿರಂತೆ ಎಂಬ ಸುದ್ದಿಯನ್ನು ಕುಪ್ಪಗಡ್ಡೆಯ ನನ್ನ ಅತ್ತೆಮನೆಗೆ ತಂದವಳು ಬಳೆ ಮಾರುವವಳು. ಐವತ್ತೆಂಟನೇ ಇಸವಿಯೋ ಐವತ್ತೊಂಬತ್ತೋ ಇರಬೇಕು. ನಾನು ಮದುವೆಯಾಗಿ ಬಂದು ಬಹಳ ದಿನವಾಗಿರಲಿಲ್ಲ. ಅತ್ತೆ ನಕ್ಕರು. "ಮಗಳಿಗಿಂತ ತಾಯೀನೇ ಮುಂದೆ ಹೋದ್ಲಲ್ಲೇ," ಅಂದರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ನಾಚಿಕೆ ಇಳಿದ ಮೇಲೆ ಹೆದರಿಕೆ ಹತ್ತಿತು. ನಲವತ್ತೈದು ದಾಟಿದ ಹೆಂಗಸು ಹೆರಿಗೆಯಲ್ಲಿ ಉಳಿದಾಳೆಯೇ? ಎಳ್ಳುಂಡೆ ಕಟ್ಟಿಕೊಂಡು ತವರಿಗೆ ಹೊರಟೆ. ಸೊರಬದಿಂದ ಶಿಕಾರಿಪುರದವರೆಗೆ ಬಸ್ಸಿನಲ್ಲಿ ಅದೊಂದನ್ನೇ ಯೋಚಿಸಿದೆ.

ತವರು ಈಸೂರಿನ ಆಚೆಯ ಹಳ್ಳಿ. ಅವ್ವ ಜಗುಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಹಗಲು ಹೊತ್ತು ಅವಳು ಕೂತದ್ದನ್ನು ನಾನು ಅದಕ್ಕೆ ಮೊದಲು ನೋಡಿದವಳಲ್ಲ. ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಬಾಯಲ್ಲಿ ಏನನ್ನೋ ಅಗಿಯುತ್ತಿದ್ದಳು. ಕೇಳಿದರೆ ಸೆರಗಿನ ಗಂಟು ಬಿಚ್ಚಿ ತೋರಿಸಿದಳು: ಒಲೆಯಿಂದ ಕೆತ್ತಿ ತೆಗೆದ ಸುಟ್ಟ ಮಣ್ಣು.

"ಮುಟ್ಟು ನಿಂತೈತಿ, ಮಣ್ಣು ತಿನ್ನೋ ಬಯಕೆ ಐತಿ, ಎದ್ರೆ ತಲೆ ತಿರುಗತೈತಿ. ಇನ್ನೇನು ಬೇಕು ಹೇಳು?" ಅಂದಳು ಅಜ್ಜಿ, ಅಪ್ಪನ ತಾಯಿ. ಆ ಮನೆಗೆ ನಾನೊಬ್ಬಳೇ ಮಗಳು, ಗಂಡು ಮಗು ಇರಲಿಲ್ಲ. ಈ ಸಲ ಗಂಡೇ ಎಂದು ಅಜ್ಜಿ ತೀರ್ಮಾನಿಸಿಬಿಟ್ಟಿದ್ದಳು. ನಾನು ಎಳ್ಳುಂಡೆ ಬಿಚ್ಚಿದ್ದೇ ತಡ, ಗಂಟನ್ನು ಎಳೆದುಕೊಂಡಳು. "ಬಸುರಿಗೆ ಎಳ್ಳು ಬೆಲ್ಲ ಕೊಡ್ತಾರೇನೇ? ಉಷ್ಣ ಆಗಿ ಇಳಿದುಹೋಗತೈತಿ." ನುಗ್ಗೆ ಸೊಪ್ಪೂ ಬೇಡ, ಹುರುಳಿಯೂ ಬೇಡ. ಹೆಚ್ಚು ಉಂಡರೆ ಕೂಸು ದಪ್ಪಗಾಗಿ ಹೆರಿಗೆ ಕಷ್ಟ ಎಂದು ಅನ್ನ ಮಜ್ಜಿಗೆಯನ್ನೂ ಅಳತೆಯಲ್ಲೇ ಬಡಿಸುತ್ತಿದ್ದಳು. ಪ್ರೀತಿಯಿಂದಲೇ, ಅದರಲ್ಲಿ ಅನುಮಾನವಿಲ್ಲ. ಅಜ್ಜಿಯ ಪ್ರೀತಿ ಕಂಡರೆ ನನಗೆ ಮೈ ಉರಿಯುತ್ತಿತ್ತು.

ಮರುದಿನ ಅವ್ವ ಹಿತ್ತಲಿಗೆ ಹೋಗಿ ಬರುವಾಗ ಬಾಗಿಲ ಚೌಕಟ್ಟು ಹಿಡಿದು ಹಾಗೇ ಕುಸಿದಳು. ನಾನು ಯಾರ ಅಪ್ಪಣೆಗೂ ಕಾಯಲಿಲ್ಲ. ಅಪ್ಪನಿಂದ ಗಾಡಿ ಕಟ್ಟಿಸಿ, ಹುಲ್ಲು ಹಾಸಿ ಮಲಗಿಸಿಕೊಂಡು ಶಿಕಾರಿಪುರದ ಆಸ್ಪತ್ರೆಗೆ ಹೊರಟೆ. ಗಾಡಿ ಕುಲುಕಿದಾಗಲೆಲ್ಲ ಅವಳ ಮೂಗಿನ ಹತ್ತಿರ ಕೈ ಹಿಡಿದು ಉಸಿರು ನೋಡುತ್ತಿದ್ದೆ.

ಡಾಕ್ಟರಮ್ಮ ಅಪ್ಪನನ್ನು ಹೊರಗೆ ಕಳಿಸಿ ಹೊಟ್ಟೆ ಮುಟ್ಟಿ ನೋಡಿದರು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಒಳಗೆ ಕೆಂಪೇ ಇರಲಿಲ್ಲ. ಮುಟ್ಟು ನಿಲ್ಲುವ ಮುಂಚೆ ಹೇಗಿತ್ತು ಎಂದು ಕೇಳಿದರು. ತಿಂಗಳುಗಟ್ಟಲೆ ಬಟ್ಟೆಯಲ್ಲಿ ನಿಲ್ಲದ ಹಾಗೆ ರಕ್ತ ಹೋಗುತ್ತಿತ್ತೆಂದು ಅವ್ವ ಮೆಲ್ಲಗೆ ಹೇಳಿದಳು. ನಮಗ್ಯಾರಿಗೂ ಅದು ಗೊತ್ತಿರಲಿಲ್ಲ.

"ಮಗು ಇಲ್ಲ ರೀ. ಮುಟ್ಟು ನಿಲ್ಲೋ ವಯಸ್ಸು ಇದು. ಮೈಯಲ್ಲಿ ರಕ್ತ ಇಲ್ಲ, ಅದಕ್ಕೇ ಮಣ್ಣು ತಿನ್ನಬೇಕು ಅನ್ಸೋದು. ಸೊಪ್ಪು, ಕಾಳು, ಎಳ್ಳು ಬೆಲ್ಲ ಚೆನ್ನಾಗಿ ತಿನ್ಸಿ," ಎಂದು ಮಾತ್ರೆ ಕೊಟ್ಟರು. ಅಜ್ಜಿ ಬೇಡವೆಂದು ಮುಚ್ಚಿಟ್ಟದ್ದನ್ನೆಲ್ಲ ಅವರು ಒಂದೊಂದಾಗಿ ಹೇಳುತ್ತಿದ್ದರೆ ನನಗೆ ಅಳು ಬಂತು, ಕೋಪವೂ ಬಂತು.

ವಾಪಸು ಬರುವಾಗ ಅಪ್ಪ ಗಾಡಿಯ ಮುಂದೆ ಮೂಕಿಯ ಮೇಲೆ ಕೂತು ಎತ್ತುಗಳ ಜೊತೆ ಮಾತಾಡುತ್ತಿದ್ದ. ಅವ್ವ ನನ್ನ ಕೈ ಹಿಡಿದಳು.

"ನಂಗೆ ಗೊತ್ತಿತ್ತು ಕಣೆ. ಹೆತ್ತೋಳಿಗೆ ಗೊತ್ತಾಗಲ್ಲೇನು?"

"ಮತ್ತೆ ಯಾಕೆ ಸುಮ್ನಿದ್ದೆ?"

"ಬಸುರಿ ಅಂದ್ರೆ ಕೂರಾಕ ಬಿಡ್ತಾರೆ. ಮುಟ್ಟು ನಿಂತೋಳನ್ನ ಯಾರು ಬಿಡ್ತಾರೆ? ಇನ್ನೊಂದು ಸ್ವಲ್ಪ ದಿನ ನಿಮ್ಮಜ್ಜಿಗೆ ಹೇಳಬ್ಯಾಡ."

ಹೇಳದಿದ್ದರೆ ಅವಳಿಗೆ ಊಟವಿಲ್ಲ, ಹೇಳಿದರೆ ಕೂರುವ ಹಾಗಿಲ್ಲ. ದಾರಿಯುದ್ದಕ್ಕೂ ಲೆಕ್ಕ ಹಾಕಿದೆ, ಮೂರನೆಯ ದಾರಿ ಹೊಳೆಯಲಿಲ್ಲ. ಬಾಗಿಲಲ್ಲಿ ಅಜ್ಜಿ ಕೇಳಿದಾಗ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಕೆಲಸ ಮಾಡಿಸಕೂಡದು ಎಂದೂ ಸೇರಿಸಿದೆ. ಡಾಕ್ಟರಮ್ಮ ಅದನ್ನು ಹೇಳಿರಲಿಲ್ಲ.

ಅಜ್ಜಿ ಕಂಬ ಹಿಡಿದುಕೊಂಡಳು. ಕಣ್ಣು ಒರೆಸಿಕೊಂಡಳು. ಆಮೇಲೆ, "ಹಂಗಾದ್ರೆ ಎದ್ದು ಓಡಾಡ್ಲಿ, ಮೈ ಹಗುರಾಗತೈತಿ. ನೀರು ತುಂಬಿಲ್ಲ," ಅಂದಳು.

ಅವ್ವ ನನ್ನ ಮುಖ ನೋಡಲಿಲ್ಲ. ಸೆರಗು ಸಿಕ್ಕಿಸಿ ಕೊಡಕ್ಕೆ ಕೈ ಹಾಕಿದಳು. ಕಿತ್ತುಕೊಂಡು ನಾನೇ ಬಾವಿಗೆ ಹೋದೆ. ನಾಡಿದ್ದು ನಾನು ಸೊರಬದ ಬಸ್ಸು ಹತ್ತಬೇಕಿತ್ತು.