ಪನ್ನೀರಿನ ಬಾಟಲಿಯಲ್ಲಿ ಇದ್ದದ್ದು

ಲೇಬಲ್ ಇಲ್ಲದ ಬಾಟಲಿಯನ್ನು ಮುಟ್ಟಬಾರದು. ಶಿವಮೊಗ್ಗದ ಒಂದು ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಇಪ್ಪತ್ತು ವರ್ಷದಿಂದ ನಾನು ಹೇಳುತ್ತ ಬಂದಿರುವ ಮಾತು ಇದು. ಹೇಳುವುದು ಸಂಬಳಕ್ಕೆ, ಹೆದರುವುದು ಸ್ವಂತಕ್ಕೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ಸಿಳಿದು ನವುಲೆಯ ಮನೆಗೆ ವಾಪಸು ಓಡಿದ್ದು ಎಷ್ಟು ಸಲವೋ. ಅದಕ್ಕೇ ನನ್ನ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಚೀಟಿ ಇರುತ್ತದೆ: ಗ್ಯಾಸ್, ನಲ್ಲಿ, ಹಿಂಬಾಗಿಲು. ಹೊರಡುವ ಮುಂಚೆ ನೋಡಿ, ಒಂದೊಂದರ ಮುಂದೆಯೂ ಬಾಲ್ ಪೆನ್ನಿನಲ್ಲಿ ಗೆರೆ ಎಳೆಯುತ್ತೇನೆ.

ಕಳೆದ ಬೇಸಿಗೆಯಲ್ಲಿ ಮುಂಬಾಗಿಲಿನ ಹಳೇ ಪೇಂಟ್ ತೆಗೆಯಬೇಕಾಗಿತ್ತು. ಅಂಗಡಿಯಲ್ಲಿ ಸಿಗುವ ಪೇಂಟ್ ರಿಮೂವರಿನ ಘಾಟಿಗೇ ನನಗೆ ಎದೆ ಹೊಡೆದುಕೊಂಡಿತು. ಭದ್ರಾವತಿಯಲ್ಲಿರುವ ಅಕ್ಕನ ಗಂಡ ಕಾರ್ಖಾನೆಗಳ ನೆಲಕ್ಕೆ ಎಪಾಕ್ಸಿ ಎಂಬ ಗಟ್ಟಿ ಲೇಪ ಹಾಕಿಸುವ ಗುತ್ತಿಗೆದಾರರು. ಅವರು ನಕ್ಕು ಒಂದು ಕ್ಯಾನ್ ತೋರಿಸಿದರು.

"ಇದನ್ನ ತಗೊಂಡು ಹೋಗು ಮಾರಾಯ. ಬೆಂಜೈಲ್ ಆಲ್ಕೋಹಾಲ್. ನಿನ್ನಂಥ ಪುಕ್ಕಲರಿಗೇ ಮಾಡಿದ್ದು. ನಿಧಾನ, ಘಾಟಿಲ್ಲ."

ಮಾತು ನಿಜ. ನೋಡಲು ತಿಳಿನೀರು. ಮೂಸಿದರೆ ಪಕ್ಕದ ಮನೆಯಲ್ಲಿ ಯಾರೋ ಹೂ ಮುಡಿದಿದ್ದಾರೆ ಎನ್ನಿಸುವಷ್ಟೇ ವಾಸನೆ. ಸೆಂಟಿಗೂ ಹಾಕುತ್ತಾರೆ, ಶಾಯಿಗೂ ಹಾಕುತ್ತಾರೆ, ಇಂಜೆಕ್ಷನ್ ಕೆಡದಿರಲೆಂದು ಅದರಲ್ಲೂ ಒಂದಿಷ್ಟು ಸೇರಿಸುತ್ತಾರೆ. ಪೆಟ್ರೋಲಿನಂತೆ ಭಗ್ಗನೆ ಹೊತ್ತಿಕೊಳ್ಳುವುದಿಲ್ಲ. ಹಾಗೆಂದು ಸಾಧುವಲ್ಲ. ಬೆಂಕಿಯ ಹತ್ತಿರ ತರಬಾರದು, ಕಣ್ಣಿಗೆ ಬಿದ್ದರೆ ಉರಿ, ಹೊಟ್ಟೆಗೆ ಹೋದರೆ ಅಪಾಯ. ಕಿಟಕಿ ತೆರೆದು, ಕೈಗವಸು ತೊಟ್ಟು, ಕಣ್ಣು ಮುಚ್ಚುವ ಕನ್ನಡಕ ಹಾಕಿಯೇ ಮುಟ್ಟಬೇಕು. ಮುಚ್ಚಳ ಸಡಿಲ ಬಿಟ್ಟರೆ ಗಾಳಿ ತಾಗಿ ನಿಧಾನಕ್ಕೆ ಕಹಿಬಾದಾಮಿಯ ವಾಸನೆಗೆ ತಿರುಗುತ್ತದೆ. ಕೆಲವು ಜಾತಿಯ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ.

ಈ ಕೊನೆಯದೇ ನನ್ನನ್ನು ಕೆಡವಿದ್ದು. ಭಾವ ನೀರಿನ ಬಾಟಲಿಗೆ ತುಂಬಲು ಹೊರಟರೆ ನಾನು ಗಾಜೇ ಬೇಕೆಂದು ಹಟ ಹಿಡಿದೆ. ಅಕ್ಕ ಒಳಗಿನಿಂದ ತೊಳೆದಿಟ್ಟಿದ್ದ ಪನ್ನೀರಿನ ಬಾಟಲಿ ತಂದಳು. ಒಂದು ಬದಿಯಲ್ಲಿ ಗುಲಾಬಿ ಹೂವಿನ ಅಚ್ಚು. ಇನ್ನೊಂದು ಬದಿಗೆ ನಾನು ಚೀಟಿ ಅಂಟಿಸಿ ಬಾಲ್ ಪೆನ್ನಿನಲ್ಲಿ ಬರೆದೆ: ವಿಷ, ಮುಟ್ಟಬೇಡಿ.

ಬಾಗಿಲ ಕೆಲಸ ಮುಗಿದ ಮೇಲೆ ಉಳಿದದ್ದನ್ನು ಸ್ಟೂಲ್ ಹತ್ತಿ ಅಟ್ಟದ ಮೇಲಿಟ್ಟೆ. ನನ್ನ ಕೈಗೇ ಎಟುಕದ ಜಾಗ. ನನ್ನ ಹೆಂಡತಿ ನನಗಿಂತ ಎತ್ತರ ಎಂಬುದನ್ನು ಮದುವೆಯಾದಂದಿನಿಂದ ಮರೆಯಲು ಪ್ರಯತ್ನಿಸುತ್ತಿದ್ದೇನೆ, ಅವತ್ತೂ ಮರೆತೆ.

ಎರಡು ತಿಂಗಳ ನಂತರ ಅಕ್ಕನ ಮಗಳ ಸೀಮಂತ, ಭದ್ರಾವತಿಯಲ್ಲಿ. ಏಳು ತಿಂಗಳ ಬಸುರಿ ಹಸಿರು ಸೀರೆಯುಟ್ಟು, ಕೈತುಂಬ ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಸೋದರಮಾವನಾದ ನಾನು. ಅಕ್ಕ ಬೆಳ್ಳಿಯ ಪನ್ನೀರುದಾನಿ ಹಿಡಿದು ಬಂದು ಮೊದಲು ಮಗಳ ಮೇಲೆ ಚಿಮುಕಿಸಿದಳು, ಆಮೇಲೆ ನನ್ನ ಮೇಲೆ.

"ಏನ್ರೀ, ಜೇಬಲ್ಲಿ ಪೆನ್ನು ಲೀಕ್ ಆಗಿದೆಯಲ್ಲ?" ಎಂದಳು ಹೆಂಡತಿ.

ಬಗ್ಗಿ ನೋಡಿದೆ. ಬಿಳಿ ಅಂಗಿಯ ಜೇಬಿನ ಮೇಲೆ ನೀಲಿ ಕಲೆ ಹರಡುತ್ತಿತ್ತು. ಜೇಬಿನಲ್ಲಿ ಪೆನ್ನಿರಲಿಲ್ಲ. ಚೀಟಿ ಇತ್ತು. ಹೊರತೆಗೆದರೆ ಗ್ಯಾಸೂ ಇಲ್ಲ, ನಲ್ಲಿಯೂ ಇಲ್ಲ, ಅಕ್ಷರಗಳೆಲ್ಲ ಕರಗಿ ನೀಲಿ ರಾಡಿ. ಬಾಲ್ ಪೆನ್ನಿನ ಶಾಯಿಯನ್ನು ನೀರು ಹೀಗೆ ಕರಗಿಸುವುದಿಲ್ಲ, ಪನ್ನೀರೂ ಕರಗಿಸುವುದಿಲ್ಲ.

"ಪನ್ನೀರು ಎಲ್ಲಿಂದ ತಂದೆ?" ಎಂದು, ಅದನ್ನು ತರುವ ಹೊಣೆ ಹೊತ್ತಿದ್ದ ಹೆಂಡತಿಯನ್ನು ಕೇಳಿದೆ.

"ನಮ್ಮನೆ ಅಟ್ಟದ್ದೇ. ಮುಕ್ಕಾಲು ಬಾಟ್ಲಿ ಸುಮ್ನೆ ಬಿದ್ದಿತ್ತು. ಯಾಕೆ?"

"ಚೀಟಿ ಇರಲಿಲ್ವಾ ಅದಕ್ಕೆ?"

"ನೀಲಿ ಕಲೆ ಆಗಿದ್ದ ಖಾಲಿ ಕಾಗದ ಇತ್ತು, ಕಿತ್ತು ಬಿಸಾಕಿದೆ. ವಾಸನೆ ಕೇಳ್ಬೇಡಿ, ನಂಗೆ ನಾಲ್ಕು ದಿನದಿಂದ ನೆಗಡಿ."

ಬಾಗಿಲ ಕೆಲಸದಲ್ಲಿ ಬಾಟಲಿ ಬಗ್ಗಿಸುವಾಗ ಸೋರಿದ ಹನಿ ಬಾಲ್ ಪೆನ್ನಿನ ಶಾಯಿ ಕರಗಿಸಿ ನನ್ನ ಎಚ್ಚರಿಕೆಯನ್ನೇ ಅಳಿಸಿಹಾಕಿತ್ತು. ಅಷ್ಟರಲ್ಲಿ ಬಸುರಿ ಕಣ್ಣಿಗೆ ಕೈ ಒಯ್ದಳು.

"ಮಾವ, ಕಣ್ಣು ಉರೀತಿದೆ."

"ಉಜ್ಜಬೇಡ! ಅಕ್ಕಾ, ಇನ್ನು ಯಾರ ಮೇಲೂ ಹಾಕಬೇಡ!" ಎಂದು ಕೂಗಿ, ಅವಳ ತೋಳು ಹಿಡಿದು ಬಚ್ಚಲಿಗೆ ಕರೆದೊಯ್ದೆ. ನಲ್ಲಿ ತಿರುಗಿಸಿ, ರೆಪ್ಪೆ ಬಿಡಿಸಿ, ಬೊಗಸೆ ಬೊಗಸೆ ನೀರು ಹಾಕಿದೆ. ಕಾಲು ಗಂಟೆ ತೊಳೆಯಬೇಕು ಎಂಬುದು ನಾನೇ ಲ್ಯಾಬಿನ ಗೋಡೆಗೆ ಅಂಟಿಸಿದ ಪಾಠ. ಕಾಲು ಗಂಟೆ ಎಂದರೆ ಎಷ್ಟು ಉದ್ದ ಎಂದು ಅವತ್ತು ಗೊತ್ತಾಯಿತು.

ಹಿಂದಿನಿಂದ ಯಾರೋ ಹಿರಿಯ ಹೆಂಗಸು, "ಆರತಿ ಆಗೋ ಮುಂಚೆ ಮಣೆಯಿಂದ ಎಬ್ಬಿಸಿದ್ನಲ್ಲ, ಇವನಿಗೇನು ತಲೆ ಕೆಟ್ಟಿದೆಯಾ!" ಎಂದರು. ನಾನು ಇನ್ನೊಂದು ಬೊಗಸೆ ನೀರು ಹಾಕಿದೆ. ಎಳೆಗೂಸುಗಳ ಮೈ ಇದನ್ನು ಅರಗಿಸಿಕೊಳ್ಳಲಾರದು ಎಂದು ಎಲ್ಲೋ ಓದಿದ್ದು ತಲೆಯಲ್ಲಿ ಗಿರಕಿ ಹೊಡೆಯುತ್ತಿತ್ತು. ಎಷ್ಟು ಪ್ರಮಾಣ ಹೋದರೆ ಎಂಬುದನ್ನು ಮಾತ್ರ ನನ್ನ ಹೆದರಿಕೆ ನೆನಪಿಟ್ಟುಕೊಂಡಿರಲಿಲ್ಲ.

"ಏನಿತ್ತೋ ಅದರಲ್ಲಿ?" ಅಕ್ಕ ಬಚ್ಚಲ ಬಾಗಿಲಿಗೆ ಬಂದು ಕೇಳಿದಳು.

"ಭಾವ ಕೊಟ್ಟದ್ದು. ಪೇಂಟ್ ತೆಗೆಯೋದು. ತಪ್ಪು ನಂದೇ ಅಕ್ಕ."

ಅವಳು ನನಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಹಗುರವಾಗುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಆ ದ್ರವದ ಹೆಸರು ಕೇಳಿಕೊಂಡು, ಕಣ್ಣಿಗೆ ದೀಪ ಬಿಟ್ಟು ನೋಡಿದರು. ನನಗೆ ಕಾಣುತ್ತಿದ್ದದ್ದು ಅವರ ಹುಬ್ಬು ಮಾತ್ರ. ಅದು ಮೇಲಕ್ಕೆ ಹೋದಾಗಲೆಲ್ಲ ನಾನು ಒಂದು ಹೆಜ್ಜೆ ಹತ್ತಿರ ಹೋಗುತ್ತಿದ್ದೆ. "ಸ್ವಲ್ಪ ಕೆಂಪಾಗಿದೆ, ಅಷ್ಟೇ. ಕೂಡಲೇ ತೊಳೆದಿದ್ದು ಒಳ್ಳೇದಾಯ್ತು. ಹೊರಗೆ ಬಿದ್ದ ನಾಲ್ಕು ಹನಿಯಿಂದ ಮಗುವಿಗೇನೂ ಆಗಲ್ಲ" ಎಂದರು. ಮಗುವಿನ ಎದೆಬಡಿತವನ್ನೂ ಕೇಳಿಸಿದರು. ನನಗೆ ನಂಬಿಕೆ ಬರಲಿಲ್ಲ. ಇನ್ನೊಮ್ಮೆ ಕೇಳಿಸಿ ಎಂದೆ. ಕೆಂಪು ಕಣ್ಣಿನ ಹುಡುಗಿ, "ಮಾವ, ನೀವು ಮೊದ್ಲು ನಿಮ್ಮ ಎದೆ ತೋರಿಸ್ಕೊಳ್ಳಿ" ಎಂದಳು.

ಉಳಿದ ಎರಡು ತಿಂಗಳು ನಾನು ದಿನಾ ಫೋನ್ ಮಾಡಿದೆ. ಕೊನೆಕೊನೆಗೆ ಅವಳು "ಒದೀತಿದೆ ಮಾವ, ಇಡ್ತೀನಿ" ಎಂದಷ್ಟೇ ಹೇಳಿ ಫೋನ್ ಇಡುತ್ತಿದ್ದಳು. ಮಗು ಗಟ್ಟಿಯಾಗಿ ಅಳುತ್ತಲೇ ಹುಟ್ಟಿತು.

ನಾಮಕರಣಕ್ಕೆ ಹೋದಾಗ ಅಕ್ಕ ಅದೇ ಪನ್ನೀರುದಾನಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಇನ್ನೂ ಯಾರಿಗೂ ಚಿಮುಕಿಸಿರಲಿಲ್ಲ.

"ನಿನಗೇ ಕಾಯ್ತಾ ಇದ್ದೆ. ತೆಗಿ ನಿನ್ನ ಚೀಟಿ."

ತೆಗೆದು ಹಿಡಿದೆ. ಅವಳು ಅದರ ಮೇಲೆ ಚಿಮುಕಿಸಿದಳು. ನಾವಿಬ್ಬರೂ ತಲೆ ಬಗ್ಗಿಸಿ ಕಾದೆವು. ಹಿಂದೆ ನೆಂಟರ ಸಾಲು ಬೆಳೆಯುತ್ತಿತ್ತು. ಕಾಗದ ಒದ್ದೆಯಾಯಿತು. ಗ್ಯಾಸ್, ನಲ್ಲಿ, ಹಿಂಬಾಗಿಲು, ಮೂರೂ ಇದ್ದಲ್ಲೇ ಇದ್ದವು.

"ಇನ್ನೊಂದು ನಿಮಿಷ ನೋಡೋಣ ಅಕ್ಕ" ಎಂದೆ.