ಏಳುನೂರ ಅರವತ್ತಕ್ಕೆ ಏರದ ಪಾದರಸ

ನನ್ನ ಬಾಯಿಂದ ನಿಜ ಬಂದರೂ ಜನ ಅದು ಯಾರ ಧ್ವನಿ ಎಂದು ಕೇಳುತ್ತಾರೆ. ಕಂಡವರನ್ನೆಲ್ಲ ಅಣಕಿಸಿ ನಗಿಸುವವನಿಗೆ ಇದು ತಕ್ಕ ಶಾಸ್ತಿಯೇ. ಕೊಪ್ಪದಲ್ಲಿ ಬಿ.ಎಸ್ಸಿ. ಓದುವಾಗ ನಮ್ಮ ಕೆಮಿಸ್ಟ್ರಿ ಮೇಷ್ಟ್ರ ಪಾಠವನ್ನು ನಾನು ಅವರಿಗಿಂತ ಚೆನ್ನಾಗಿ ಮಾಡುತ್ತಿದ್ದೆ. ಒಂದು ದಿನ ಅವರೇ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದರು.

ಅದಾದ ವಾರಕ್ಕೆ ಒಂದು ಪ್ರಯೋಗ. ಮೆಗ್ನೀಸಿಯಂ ಚೂರನ್ನು ಆಸಿಡ್ಡಿಗೆ ಹಾಕಿ, ಬುಸುಗುಟ್ಟಿ ಏಳುವ ಹೈಡ್ರೋಜನ್ನನ್ನು ನೀರು ತುಂಬಿದ ಗಾಜಿನ ಕೊಳವೆಯಲ್ಲಿ ಹಿಡಿದು ಅಳೆಯಬೇಕು. ಉಷ್ಣತೆ, ಒತ್ತಡಗಳನ್ನು ಅನಿಲ ನಿಯಮಕ್ಕೆ ಒಪ್ಪಿಸಿ ಮೆಗ್ನೀಸಿಯಂನ ಈಕ್ವಿವಲೆಂಟ್ ತೂಕ ಕಂಡುಹಿಡಿಯಬೇಕು. ಉತ್ತರ ಹನ್ನೆರಡು. ಅದು ಮೊದಲೇ ಗೊತ್ತಿದ್ದರಿಂದ ಎಲ್ಲರೂ ಸೀನಿಯರ್‌ಗಳ ರೆಕಾರ್ಡ್ ನೋಡಿ ಹನ್ನೆರಡೇ ಬರೆದು ಸಹಿ ಪಡೆದರು. ನನಗೆ ಯಾವ ಸೀನಿಯರೂ ರೆಕಾರ್ಡ್ ಕೊಡಲಿಲ್ಲ. ಅವರನ್ನೆಲ್ಲ ಅಣಕಿಸಿ ಮುಗಿಸಿದ್ದೆನಲ್ಲ. ವಿಧಿಯಿಲ್ಲದೆ ಪ್ರಾಮಾಣಿಕನಾದೆ. ಮೂರು ಸಲ ಮಾಡಿದರೂ ಹನ್ನೊಂದು ಬಂತು.

"ಇದೂ ನಿನ್ನ ಮಿಮಿಕ್ರಿಯೇನಯ್ಯಾ?" ಎಂದು ಮೇಷ್ಟ್ರು ರೆಕಾರ್ಡನ್ನು ಹಿಂದಕ್ಕೆ ತಳ್ಳಿದರು. ಅವರ ಸಹಿಯಿಲ್ಲದೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರುವಂತಿಲ್ಲ, ಪರೀಕ್ಷೆ ಸೋಮವಾರ.

ಗಾಳಿಯ ಒತ್ತಡ ಎಂದರೆ ನಾವೆಲ್ಲ ಪುಸ್ತಕದ ಏಳುನೂರ ಅರವತ್ತು ಮಿಲಿಮೀಟರನ್ನೇ ಬರೆಯುತ್ತಿದ್ದೆವು. ಲ್ಯಾಬಿನ ಗೋಡೆಯಲ್ಲಿ ಪಾದರಸದ ಬ್ಯಾರೋಮೀಟರೇನೋ ಇತ್ತು, 'ಕೆಟ್ಟಿದೆ' ಎಂಬ ಚೀಟಿ ಹೊತ್ತುಕೊಂಡು. ಚೀಟಿ ಅಂಟಿಸಿದ್ದು ಅಟೆಂಡರ್ ತಿಮ್ಮಪ್ಪಣ್ಣ. "ನಾ ಬಂದಾಗಿಂದ ನೋಡ್ತಿದೀನಿ ಮಾರಾಯ, ಏಳ್ನೂರನ್ನೂ ಮುಟ್ಟಲ್ಲ ಅದು," ಎಂದರು. ಬರೀ ಕುಚೇಷ್ಟೆಗೆಂದು ಅದು ತೋರಿಸುತ್ತಿದ್ದ ಆರುನೂರ ತೊಂಬತ್ತೈದನ್ನೇ ಲೆಕ್ಕಕ್ಕೆ ಹಾಕಿದೆ. ಹನ್ನೆರಡು ಬಂತು, ಚೂರೇ ಚೂರು ಹೆಚ್ಚು.

ಉಡುಪಿಯಲ್ಲಿ ಕೊಂಡ ಚಿಪ್ಸ್ ಪೊಟ್ಟಣ ಆಗುಂಬೆ ಘಾಟಿ ಹತ್ತಿ ಶೃಂಗೇರಿ ಸೇರುವಷ್ಟರಲ್ಲಿ ಉಬ್ಬಿಕೊಂಡಿರುವುದನ್ನು ನೀವೂ ನೋಡಿರಬಹುದು. ಮೇಲೇರಿದಷ್ಟೂ ಹೊರಗಿನ ಗಾಳಿಯ ಭಾರ ಕಡಿಮೆ, ಒಳಗಿನ ಗಾಳಿಗೆ ಸಲಿಗೆ ಹೆಚ್ಚು. ನನ್ನ ಹೈಡ್ರೋಜನ್ ಕೂಡ ಹಾಗೇ ಹಿಗ್ಗಿತ್ತು. ಪುಸ್ತಕದ ಏಳುನೂರ ಅರವತ್ತು ಕಡಲಮಟ್ಟದ ಲೆಕ್ಕ; ಗುಡ್ಡದ ಮೇಲೆ ಕುಳಿತ ನಾವೆಲ್ಲ ಕಡಲದಂಡೆಯ ಗಾಳಿಯನ್ನು ಅಣಕಿಸುತ್ತಿದ್ದೆವು. ನಮ್ಮೂರಿನ ಗಾಳಿಯನ್ನು ಇದ್ದ ಹಾಗೆ ಹೇಳುತ್ತಿದ್ದದ್ದು ಆ ಬ್ಯಾರೋಮೀಟರ್ ಒಂದೇ, ಅದರ ಬಾಯಿಗೆ ಚೀಟಿ.

ಮೇಷ್ಟ್ರು ಲೆಕ್ಕವನ್ನು ಎರಡು ಸಲ ತಾವೇ ಮಾಡಿದರು. ಎದ್ದುಹೋಗಿ ಚೀಟಿ ಕಿತ್ತರು. ಸಹಿ ಹಾಕಿದರು. ನಾನು ಬೀಗುತ್ತಿರುವಾಗಲೇ ಮೆತ್ತಗೆ ಕೇಳಿದರು: "ಹಾಗಾದ್ರೆ ಏಳುನೂರ ಅರವತ್ತು ಹಾಕಿದವರಿಗೆಲ್ಲ ಹನ್ನೆರಡು ಹೇಗೆ ಬಂತು?"

ಶನಿವಾರ ಇಡೀ ಕ್ಲಾಸು ನನ್ನನ್ನು ಬೈದುಕೊಳ್ಳುತ್ತ ಪ್ರಯೋಗವನ್ನು ಮತ್ತೆ ಮಾಡಿತು. ಸಿಂಕಿನ ತುಂಬ ಕೊಳವೆಗಳು.

"ನೀ ಮಿಮಿಕ್ರಿಯೇ ಮಾಡ್ಕೊಂಡಿರು ಮಾರಾಯ," ಎಂದರು ತಿಮ್ಮಪ್ಪಣ್ಣ. "ನಿನ್ನ ಒಂದು ನಿಜಕ್ಕೆ ನಾ ಎಷ್ಟು ತೊಳೀಬೇಕು ನೋಡು."

ನಾನು ಅಂಗಿಯ ತೋಳು ಮಡಚಿ, ಕೊಳವೆ ತೊಳೆಯಲು ಅವರ ಪಕ್ಕ ನಿಂತೆ. ನಿಜ ಹೇಳುವುದರಲ್ಲಿ ಈ ಭಾಗವೂ ಇದೆಯೆಂದು ಯಾವ ನಿಯಮದಲ್ಲೂ ಬರೆದಿರಲಿಲ್ಲ.